ಹೊತ್ತು ಮುಳುಗಿದ ಮೇಲೆ ಕಲ್ಲುಗಳು

"ಯಾಕ್ರಿ ಸರ, ಈ ಹೊತ್ತನ್ಯಾಗ ಗುಡ್ಡದ ದಾರಿ ಕೇಳಾಕ ಹತ್ತೀರಿ? ನಾಳಿ ಅಮಾಸಿ ಬ್ಯಾರೆ. ನಿಧಿ ಗಿಧಿ ತಗ್ಯಾಕ ಬಂದೀರೇನು?"

ಕೊಪ್ಪಳ ಸೀಮೆಯ ಹಳ್ಳಿಯೊಂದರಲ್ಲಿ, ಅಗಸಿ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ನನ್ನನ್ನು ಹೀಗೆ ಕೇಳಿ ಕೆಲವು ವರ್ಷಗಳಾದವು. ಸಂಜೆ ಏಳರ ಸುಮಾರು. ನನ್ನ ಹೆಗಲಿಗೆ ಚೀಲ, ಕೈಯಲ್ಲಿ ಟಾರ್ಚು. ಅವರ ಮಾತಿನಲ್ಲಿ ತಮಾಷೆ ಇರಲಿಲ್ಲ. ಕಲ್ಲುಮನೆಗಳಿರುವ ಗುಡ್ಡಕ್ಕೆ ಕತ್ತಲಲ್ಲಿ ಬ್ಯಾಟ್ರಿ ಹಿಡಿದು ಹೋಗುವವರು ಎಂಥವರು ಎಂಬುದು ಅವರು ಕಣ್ಣಾರೆ ಕಂಡ ಸಂಗತಿ. ಹಾರೆ, ಗುದ್ದಲಿ, ನಿಂಬೆಹಣ್ಣು, ಕುಂಕುಮ ತರುವವರು ಅವರು. ನಾನು ಬೆಳಗಿನ ಜಾವಕ್ಕೆ ದಾರಿ ವಿಚಾರಿಸುತ್ತಿದ್ದೇನೆ, ಕಲ್ಲಿನ ಮೇಲೆ ಹೊತ್ತು ಮೂಡುವುದನ್ನು ನೋಡಬೇಕಾಗಿದೆ ಎಂದು ನಂಬಿಸಲು ಎರಡು ಸಲ ಚಹಾ ಕುಡಿಯುವಷ್ಟು ಹೊತ್ತು ಹಿಡಿಯಿತು. ನಂಬಿದ ಮೇಲೆ ಅವರೇ ಒಬ್ಬ ಹುಡುಗನನ್ನು ಜೊತೆಗೆ ಕಳಿಸಿದರು.

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಮ್ಮ ನಾಡಿನ ಅತಿ ಹಳೆಯ ಕಲ್ಲುಗಳ ಬಳಿಗೆ ಇರುಳಿನಲ್ಲಿ ಹೋಗುವ ಮನುಷ್ಯ ಎಂದರೆ ಕಳ್ಳನೇ ಇರಬೇಕು ಎಂಬಲ್ಲಿಗೆ ನಾವು ಹೇಗೆ ಬಂದು ನಿಂತೆವು? ಬೇರೆ ದೇಶಗಳಲ್ಲಿ ಜನ ಚೀಟಿ ಎತ್ತಿ, ವರ್ಷಗಟ್ಟಲೆ ಕಾದು ಇಂಥ ಕಲ್ಲುಗಳ ನಡುವೆ ಕತ್ತಲಲ್ಲಿ ನಿಲ್ಲುತ್ತಾರೆ. ಇಲ್ಲಿ ಹೊತ್ತು ಮುಳುಗಿದೊಡನೆ ಕಾನೂನು ಕೈಮುಗಿದು ಹೊರಟುಹೋಗುತ್ತದೆ, ಗುಡ್ಡ ಹಾರೆಯವನ ಪಾಲಾಗುತ್ತದೆ.

ಮೊದಲು ನಮ್ಮಲ್ಲಿ ಇರುವುದೇನು ಎಂದು ನೋಡಿಬಿಡೋಣ. ಗಂಗಾವತಿಯಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಹಿರೇಬೆಣಕಲ್ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಸುಮಾರು 400 ರಚನೆಗಳಿವೆ. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿ, ಒಂದು ಚಪ್ಪಡಿಗೆ ದುಂಡನೆಯ ಕಂಡಿ ಕೊರೆದ ಕಲ್ಲುಮನೆಗಳು. ಕೆಲವು ಆಳೆತ್ತರವನ್ನೂ ಮೀರಿವೆ. ಊರಿನವರಿಗೆ ಅವು ಮೊರೇರ ಮನೆಗಳು. ಮೊರೇರು ಕುಳ್ಳ ಜನ, ಬೆಂಕಿಯ ಮಳೆ ಸುರಿದಾಗ ಒಳಗೆ ಅವಿತುಕೊಳ್ಳಲು ಇವನ್ನು ಕಟ್ಟಿಕೊಂಡರು ಎಂಬ ಕತೆ. ಪುರಾತತ್ವಜ್ಞರಿಗೆ ಅವು ಗೋರಿಗಳು. 2021ರಲ್ಲಿ ಈ ನೆಲೆ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಗುಂಡುಗಲ್ಲುಗಳನ್ನು ಹೊಲದ ಸಾಲಿನಂತೆ ಅಂತರವಿಟ್ಟು ಜೋಡಿಸಿದ್ದಾರೆ. ಐಹೊಳೆಯಲ್ಲಿ, ರವಿಕೀರ್ತಿಯ 634ರ ಶಾಸನವಿರುವ ಮೇಗುತಿಯ ಬೆನ್ನಿಗೇ ಕಲ್ಲುಮನೆಗಳಿವೆ. ಗುಡಿ ನೋಡಲು ಹತ್ತಿದವರಲ್ಲಿ ಬಹಳ ಜನ ಅತ್ತ ತಿರುಗಿ ನೋಡದೆ ಇಳಿಯುತ್ತಾರೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ 1947ರಲ್ಲಿ ಅಗೆಸಿದ ಶಿಲಾವೃತ್ತಗಳು, ಕೊಡಗಿನ ಕಲ್ಗೋರಿಗಳು, ಹೊಸನಗರ ತಾಲ್ಲೂಕಿನ ಬೈಸೆ ಮತ್ತು ನಿಲಸ್ಕಲ್‌ನ ನಿಲುಗಲ್ಲುಗಳು. ಬಳ್ಳಾರಿಯ ಮಗ್ಗುಲಲ್ಲಿ ಸಂಗನಕಲ್ಲು ಮತ್ತು ಕುಪಗಲ್ಲು, ಇವೆಲ್ಲಕ್ಕಿಂತ ಹಳೆಯವು, ನವಶಿಲಾಯುಗದವು.

ಇವುಗಳ ಬಳಿ ಇರುಳಿನಲ್ಲಿ ಏನು ಕೆಲಸ ಎಂದು ಕೇಳುವವರಿಗೆ ಎಲ್ಲರೂ ಕೊಡುವ ಮೊದಲ ಉತ್ತರ ಆಕಾಶ. ಕಲ್ಲು ನೆಟ್ಟವರು ಸೂರ್ಯಚಂದ್ರರನ್ನು ಲೆಕ್ಕಕ್ಕಿಟ್ಟು ನೆಟ್ಟರು ಎಂಬ ವಾದ ಅದು. ಜೆರಾಲ್ಡ್ ಹಾಕಿನ್ಸ್ 1965ರಲ್ಲಿ ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕುರಿತು ಪುಸ್ತಕ ಬರೆದು ಈ ವಾದಕ್ಕೆ ಜಗತ್ತಿನಾದ್ಯಂತ ಓದುಗರನ್ನು ಗಳಿಸಿಕೊಟ್ಟರು. ಆಮೇಲೆ ಎಲ್ಲಿ ನಾಲ್ಕು ಕಲ್ಲು ನಿಂತಿದ್ದರೂ ಅಲ್ಲೊಂದು ವೀಕ್ಷಣಾಲಯ ಕಾಣತೊಡಗಿತು. ಈ ಉತ್ಸಾಹಕ್ಕೆ ಲಗಾಮು ಬೇಕು. ಇಪ್ಪತ್ತು ಕಲ್ಲುಗಳಿದ್ದರೆ ಎರಡೆರಡರಂತೆ ಜೋಡಿಸಿ 190 ಗೆರೆ ಎಳೆಯಬಹುದು. ಅಷ್ಟರಲ್ಲಿ ಒಂದೆರಡು ಎಲ್ಲೋ ಸೂರ್ಯನತ್ತ ನೆಟ್ಟಗೆ ಹೋಗದಿದ್ದರೆ ಅದೇ ಆಶ್ಚರ್ಯ.

ಹಾಗೆಂದು ಎಲ್ಲವನ್ನೂ ತಳ್ಳಿಹಾಕುವಂತಿಲ್ಲ. ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮತ್ತು ಜೊತೆಗಾರರು ಮಲೆನಾಡಿನ ಬೈಸೆ, ನಿಲಸ್ಕಲ್ ಮೊದಲಾದ ನೆಲೆಗಳಲ್ಲಿ ನಿಲುಗಲ್ಲುಗಳನ್ನು ಅಳೆದು, ಜೋಡಿಗಲ್ಲುಗಳ ಗೆರೆ ದಕ್ಷಿಣಾಯನ ಮತ್ತು ಉತ್ತರಾಯಣದ ತುದಿಯಲ್ಲಿ ಸೂರ್ಯ ಹುಟ್ಟುವ, ಮುಳುಗುವ ಜಾಗಕ್ಕೆ ಹೊಂದುತ್ತದೆ ಎಂದು ತೋರಿಸಿದರು. ಒಂದೇ ನೆಲೆಯಲ್ಲಿ ಸಿಕ್ಕಿದ್ದರೆ ಕಾಕತಾಳೀಯ ಎನ್ನಬಹುದಿತ್ತು. ಒಂದೇ ಬಗೆಯ ಹಲವು ನೆಲೆಗಳಲ್ಲಿ ಅದೇ ಗೆರೆ ಮರುಕಳಿಸಿದಾಗ ನಾನಂತೂ ಗಂಭೀರವಾಗಿ ಕಿವಿಗೊಡುತ್ತೇನೆ. ಇನ್ನೊಂದು ಮಾತೂ ಇದಕ್ಕೆ ಬಲ ಕೊಡುತ್ತದೆ. ಭೂಮಿಯ ಓರೆ ಮೂರು ಸಾವಿರ ವರ್ಷಗಳಲ್ಲಿ ಬದಲಾದದ್ದು ಅತಿ ಕಡಿಮೆ. ನಮ್ಮ ಅಕ್ಷಾಂಶದಲ್ಲಿ ಡಿಸೆಂಬರ್ 21ರ ಸೂರ್ಯ ಅಂದು ಹುಟ್ಟುತ್ತಿದ್ದ ಜಾಗಕ್ಕೂ ಇಂದು ಹುಟ್ಟುವ ಜಾಗಕ್ಕೂ ಇರುವ ಅಂತರ ಸೂರ್ಯನ ಬಿಂಬದ ಅಗಲಕ್ಕಿಂತಲೂ ಕಡಿಮೆ. ಎಂದರೆ ಆ ಕಲ್ಲು ನೆಟ್ಟವರು ಕಂಡದ್ದನ್ನೇ ನಾವು ಇಂದು ಅದೇ ಕಲ್ಲಿನ ಹಿಂದೆ ನಿಂತು ಕಾಣಬಹುದು. ಕತ್ತಲಿರುವಾಗಲೇ ಅಲ್ಲಿ ಹೋಗಿ ನಿಂತಿರಬೇಕು, ಅಷ್ಟೆ.

ನಕ್ಷತ್ರಗಳ ವಿಷಯ ಹಾಗಲ್ಲ. ಭೂಮಿಯ ಅಕ್ಷ ಸುಮಾರು 25,800 ವರ್ಷಕ್ಕೊಂದು ಸುತ್ತು ಬುಗುರಿಯಂತೆ ತಿರುಗುತ್ತದೆ, ಅದರೊಂದಿಗೆ ನಕ್ಷತ್ರಗಳು ಕಾಣುವ ಜಾಗವೂ ಸರಿಯುತ್ತದೆ. ನಮ್ಮ ಗಡಿಯಾಚೆ, ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯಲ್ಲಿ, ಕೃಷ್ಣೆಯ ದಡದ ಮುಡುಮಾಲ್‌ನಲ್ಲಿ ಎತ್ತರದ ನಿಲುಗಲ್ಲುಗಳಿವೆ. 2025ರಲ್ಲಿ ಅದೂ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಅಲ್ಲಿಯ ಒಂದು ಹಾಸುಬಂಡೆಯ ಮೇಲೆ ಕೊರೆದ ಕುಳಿಗಳು ಸಪ್ತರ್ಷಿ ಮಂಡಲದ ಆಕಾರದಲ್ಲಿವೆ ಎಂದು ಹೈದರಾಬಾದ್ ವಿಶ್ವವಿದ್ಯಾಲಯದ ಕೆ.ಪಿ. ರಾವ್ ಗುರುತಿಸಿದರು. ಕುಳಿಗಳ ಗೆರೆ ಧ್ರುವ ನಕ್ಷತ್ರವನ್ನು ತೋರಿಸುತ್ತದೆ ಎಂಬ ವಿವರಣೆ ಜನಪ್ರಿಯವಾಗಿದೆ. ಇಲ್ಲಿ ಒಂದು ಎಚ್ಚರ ಬೇಕು. ಮೂರು ಸಾವಿರ ವರ್ಷಗಳ ಹಿಂದೆ ಇಂದಿನ ಧ್ರುವ ನಕ್ಷತ್ರ ಧ್ರುವಬಿಂದುವಿನಿಂದ ಬಹಳ ದೂರವಿತ್ತು, ಆ ಜಾಗದಲ್ಲಿ ಹೊಳೆಯುವ ನಕ್ಷತ್ರವೇ ಇರಲಿಲ್ಲ. ಆದರೆ ಸಪ್ತರ್ಷಿಗಳು ಆಗ ಧ್ರುವಬಿಂದುವಿಗೆ ಈಗಿನದಕ್ಕಿಂತ ಹತ್ತಿರದಲ್ಲಿ ಸುತ್ತುತ್ತಿದ್ದವು, ದಕ್ಷಿಣದ ತ್ರಿಶಂಕು ಈಗಿನದಕ್ಕಿಂತ ಎತ್ತರಕ್ಕೆ ಏರುತ್ತಿತ್ತು. ಆ ಬಂಡೆಯ ಬಳಿ ಇರುಳು ಕಳೆಯುವವರಿಗೆ ಇದನ್ನು ಹೇಳಬೇಕು. ನಮ್ಮ ಆಕಾಶವನ್ನು ಅವರ ಆಕಾಶವೆಂದು ತೋರಿಸಬಾರದು. ಇದ್ದ ವ್ಯತ್ಯಾಸವನ್ನು ತಿಳಿದು ಮೇಲೆ ನೋಡಿದರೆ ಕುತೂಹಲ ಇಮ್ಮಡಿಯಾಗುತ್ತದೆಯೇ ಹೊರತು ಕುಗ್ಗುವುದಿಲ್ಲ.

ಆಕಾಶದ ಮಾತು ಎಲ್ಲರೂ ಆಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಕಾರಣ ಬೇರೆ: ಹಗಲಿನಲ್ಲಿ ಕಲ್ಲು ಓದಲು ಬರುವುದಿಲ್ಲ.

ನಮ್ಮೂರ ಕೆರೆ ಏರಿಯ ಮೇಲೆ ಒಂದು ವೀರಗಲ್ಲಿತ್ತು. ಮಳೆಗೆ, ಎಣ್ಣೆಗೆ, ಮಕ್ಕಳ ಕಾಲಿಗೆ ಸವೆದು ಬೋಳಾಗಿದೆ ಎಂದೇ ನಾವೆಲ್ಲ ತಿಳಿದಿದ್ದೆವು. ಒಂದು ರಾತ್ರಿ ಕರೆಂಟು ಹೋಗಿ, ಟಾರ್ಚು ಹಿಡಿದು ಏರಿಯ ಮೇಲೆ ಬರುವಾಗ ಬೆಳಕು ಅದರ ಪಕ್ಕೆಗೆ ತಗುಲಿತು. ಕುದುರೆಯ ಕೊರಳು ಎದ್ದುಬಂತು. ಟಾರ್ಚನ್ನು ಕಲ್ಲಿನ ಮೈಗೆ ಅಂಟಿಸಿದಂತೆ ಹಿಡಿದು ನಿಧಾನ ಸರಿಸಿದೆ. ಬಿಲ್ಲು, ಬಾಣ, ಕೆಳಗೆ ಬಿದ್ದ ಒಬ್ಬ ಮನುಷ್ಯ, ಮೇಲಿನ ಅಂಕಣದಲ್ಲಿ ಚಾಮರ ಬೀಸುವ ಕೈ, ತುದಿಯಲ್ಲಿ ಸೂರ್ಯ ಮತ್ತು ಚಂದ್ರ. ಇಪ್ಪತ್ತು ವರ್ಷ ದಿನಾ ದಾಟಿ ಹೋದ ಕಲ್ಲು ಅದು. ಆಚಂದ್ರಾರ್ಕ ಇರಲಿ ಎಂದು ನಮ್ಮ ಶಾಸನಗಳು ಹರಸುವುದು ವಾಡಿಕೆ. ಸೂರ್ಯ ಮಾತ್ರವೇ ಸಾಕಾಗಿದ್ದರೆ ಚಂದ್ರನನ್ನೇಕೆ ಕೆತ್ತುತ್ತಿದ್ದರು ಎಂದು ಆ ರಾತ್ರಿ ನನಗೆ ಅನ್ನಿಸಿತು.

ಇದರಲ್ಲಿ ಪವಾಡವಿಲ್ಲ. ಕಲ್ಲಿನ ಮೇಲಿನ ಗೀರು ಕಣ್ಣಿಗೆ ಕಾಣುವುದು ಅದರೊಳಗೆ ನೆರಳು ಬಿದ್ದಾಗ. ಬೆಳಕು ನೇರವಾಗಿ ಬಿದ್ದರೆ ನೆರಳಿಲ್ಲ, ಓರೆಯಾಗಿ ಬಿದ್ದರೆ ಕೂದಲೆಳೆಯ ಆಳದ ಗೀರೂ ಗೆರೆಯಾಗುತ್ತದೆ. ಕರ್ನಾಟಕದ ಮೇಲೆ ಸೂರ್ಯ ವರ್ಷಕ್ಕೆ ಎರಡು ಸಲ ನಡುನೆತ್ತಿಯನ್ನೇ ಹಾಯುತ್ತಾನೆ. ಹಾಸುಬಂಡೆಯ ಮೇಲಿನ ತೆಳು ಕೆತ್ತನೆಗೆ ಇದಕ್ಕಿಂತ ಕೆಟ್ಟ ಬೆಳಕಿಲ್ಲ. ಸ್ಮಾರಕ ನೋಡುವ ಜನ ಬರುವುದೂ ಹತ್ತರಿಂದ ನಾಲ್ಕರ ನಡುವೆ. ಕಾಣದೆ ಬೇಸರವಾಗಿ ಸೀಮೆಸುಣ್ಣದಿಂದ ಗೆರೆ ತೀಡಿ ಫೋಟೋ ತೆಗೆಯುತ್ತಾರೆ, ನೀರು ಸುರಿಯುತ್ತಾರೆ. ನಮ್ಮ ಗವಿಚಿತ್ರಗಳಿಗೆ, ಬಂಡೆಗೀರುಗಳಿಗೆ ಆದ ಹಾನಿಯಲ್ಲಿ ಒಂದು ಪಾಲು ಈ 'ಕಾಣಬೇಕು' ಎಂಬ ಆತುರದ್ದು.

ಸ್ವೀಡನ್ನಿನ ತಾನುಮ್‌ನಲ್ಲಿ ಕಂಚಿನ ಯುಗದ ಕೆತ್ತನೆಗಳಿವೆ: ದೋಣಿಗಳು, ನೇಗಿಲು ಹೂಡಿದವರು, ಕೊಡಲಿ ಎತ್ತಿದವರು. 1994ರಿಂದ ಅದು ವಿಶ್ವ ಪರಂಪರೆಯ ತಾಣ. ಅಲ್ಲಿಯೂ ನೋಡುಗರಿಗೆ ಕಾಣಲೆಂದು ಕೆಲವು ಕೆತ್ತನೆಗಳಿಗೆ ಕೆಂಪು ಬಣ್ಣ ತುಂಬಿದರು, ಅದು ಸರಿಯೇ ಎಂಬ ಚರ್ಚೆ ಈಗಲೂ ಇದೆ. ಆದರೆ ಅಲ್ಲಿಯ ಸಂಶೋಧಕರು ಹೊಸ ಕೆತ್ತನೆ ಹುಡುಕಲು ರಾತ್ರಿ ದೀಪ ಹಿಡಿದು ಹೋಗುತ್ತಾರೆ. ಪೋರ್ಚುಗಲ್ಲಿನ ಕೋವಾ ಕಣಿವೆಯದು ಇನ್ನೂ ಚೆಂದದ ಕತೆ. ಹಳೆಯ ಶಿಲಾಯುಗದ ಮನುಷ್ಯರು ತೆರೆದ ಬಂಡೆಯ ಮೇಲೆ ಕುದುರೆ, ಕಾಡೆತ್ತು, ಮೇಕೆಗಳನ್ನು ಗೀರಿದ ಜಾಗ. ಅಣೆಕಟ್ಟು ಕಟ್ಟಿ ಮುಳುಗಿಸಲು ಹೊರಟಿದ್ದರು. ಜನ ಎದ್ದು ನಿಂತರು, 1990ರ ದಶಕದ ನಡುವೆ ಕಟ್ಟುವ ಕೆಲಸ ನಿಂತಿತು, 1998ರಲ್ಲಿ ಆ ಕಣಿವೆ ವಿಶ್ವ ಪರಂಪರೆಯಾಯಿತು. ಈಗ ಅಲ್ಲಿಯ ಪೆನಾಸ್ಕೋಸಾ ಎಂಬಲ್ಲಿಗೆ ಸಣ್ಣ ಗುಂಪುಗಳನ್ನು ರಾತ್ರಿ ಕರೆದೊಯ್ಯುತ್ತಾರೆ. ಕತ್ತಲಲ್ಲಿ ಕೈದೀಪವನ್ನು ಓರೆಯಾಗಿ ಹಿಡಿದಾಗ ಒಂದರ ಮೇಲೊಂದು ಗೀರಿದ ಪ್ರಾಣಿಗಳು ಬಿಡಿಬಿಡಿಯಾಗಿ ಎದ್ದುಬರುತ್ತವೆ. ಬಣ್ಣ ತುಂಬಬೇಕಾಗಿಲ್ಲ, ಮುಟ್ಟಬೇಕಾಗಿಲ್ಲ. ಹಗಲು ಹಾನಿಮಾಡಿ ತೋರಿಸುವುದನ್ನು ಇರುಳು ಹಾನಿಯಿಲ್ಲದೆ ತೋರಿಸುತ್ತದೆ.

ನಮ್ಮ ಕುಪಗಲ್ಲಿಗೆ ಇದನ್ನು ಹೊಂದಿಸಿ ನೋಡಿ. ಬಳ್ಳಾರಿಯ ಪಕ್ಕದ ಆ ಗುಡ್ಡದಲ್ಲಿ ಕಪ್ಪು ಶಿಲೆಯ ಪಟ್ಟೆಯೊಂದು ಹಾದುಹೋಗಿದೆ. ಅದರ ಬಂಡೆಗಳ ಮೇಲೆ ದನಗಳು, ಉದ್ದ ಕೊಂಬಿನ ಗೂಳಿಗಳು, ಮನುಷ್ಯರು. ಕೆಲವು ಚಿತ್ರಗಳು ಕೈಕಾಲು ಊರಿ ಹತ್ತಿ ನೇತಾಡಿದರೆ ಮಾತ್ರ ತಲುಪುವಂಥ ಜಾಗದಲ್ಲಿವೆ. ಅಲ್ಲಿಯ ಕೆಲವು ಬಂಡೆಗಳಲ್ಲಿ ಬಡಿದು ಬಡಿದು ಆದ ಕುಳಿಗಳಿವೆ. ಅವನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯ ನಾದ ಬರುತ್ತದೆ. 19ನೇ ಶತಮಾನದ ಕೊನೆಯಲ್ಲೇ ಇದನ್ನು ಗುರುತಿಸಿದ್ದರು. 2004ರಲ್ಲಿ ನಿಕೋಲ್ ಬೋಯ್ವಿನ್ ಬರೆದ ಲೇಖನದಿಂದ ಲೋಕಕ್ಕೆ ಮತ್ತೆ ಗೊತ್ತಾಯಿತು. ಜಲ್ಲಿಗಾಗಿ ಗುಡ್ಡ ಒಡೆಯುವವರ ಬಾಯಿಗೆ ಇದು ಬೀಳಲಿದೆ ಎಂಬುದೂ ಅದೇ ಹೊತ್ತಿಗೆ ಸುದ್ದಿಯಾಯಿತು. ಹಗಲಿನಲ್ಲಿ ಆ ಕಪ್ಪು ಬಂಡೆ ಕಾದು ಹಂಚಾಗಿರುತ್ತದೆ. ಸುತ್ತ ಲಾರಿಗಳ ಸದ್ದು. ಗೀರುಗಳು ಕಲ್ಲಿನ ಬಣ್ಣದಲ್ಲೇ ಕರಗಿರುತ್ತವೆ. ಅವನ್ನು ಗೀರಿದವರು ಈ ಬಿಸಿಲಲ್ಲಿ ಹತ್ತಿ ನೇತಾಡಿ ಗೀರಿದರೇ, ತಂಪಾದ ಮೇಲೆ ಬೆಂಕಿಯ ಬೆಳಕಿನಲ್ಲೇ? ಇದಕ್ಕೆ ಪುರಾವೆ ಹುಡುಕಲು ಮೊದಲು ನಾವು ರಾತ್ರಿ ಅಲ್ಲಿ ನಿಂತು ನೋಡಿರಬೇಕು.

ಸದ್ದಿನ ಮಾತು ಬಂದಿದ್ದರಿಂದ ಹಿರೇಬೆಣಕಲ್‌ನ ನಗಾರಿಯ ಬಗ್ಗೆ ಒಂದು ಮಾತು. ಎತ್ತರದ ಬಂಡೆಯ ನೆತ್ತಿಯಲ್ಲಿ ಅರ್ಧಗೋಲದಂತೆ ಕೆತ್ತಿ ಕೂರಿಸಿದ ಕಲ್ಲು ಅದು. ಮರದ ಕೊಡತಿಯಿಂದ ಬಾರಿಸಿದರೆ ಒಂದು ಕಿಲೋಮೀಟರ್ ದೂರಕ್ಕೆ ಕೇಳುತ್ತದೆ ಎನ್ನುತ್ತಾರೆ. ಇರುಳಿನಲ್ಲಿ ನೆಲದ ಹತ್ತಿರದ ಗಾಳಿ ತಂಪಾಗಿ, ಮೇಲಿನದು ಬೆಚ್ಚಗೆ ಉಳಿಯುವುದರಿಂದ ಸದ್ದು ಮೇಲೆ ಹಾರಿಹೋಗದೆ ನೆಲದತ್ತ ಬಾಗುತ್ತದೆ. ಹೊಲದಲ್ಲಿ ಮಲಗಿದವರಿಗೆ ಪಕ್ಕದೂರ ಭಜನೆ ಸ್ಪಷ್ಟ ಕೇಳುವುದು ಇದೇ ಕಾರಣಕ್ಕೆ. ಸತ್ತವರ ಊರಿನ ನೆತ್ತಿಯಲ್ಲಿ ಆ ನಗಾರಿ ಇಟ್ಟವರು ಅದನ್ನು ಯಾವ ಹೊತ್ತಿನಲ್ಲಿ ಬಾರಿಸಿದರೆ ಯಾರಿಗೆ ಕೇಳಿಸುತ್ತದೆ ಎಂದು ಬಲ್ಲವರೇ ಆಗಿದ್ದಿರಬೇಕು. ಬಂದವರೆಲ್ಲ ಕಲ್ಲು ತೆಗೆದು ಹೊಡೆದು ನೋಡುವುದು ಮಾತ್ರ ನಿಲ್ಲಬೇಕು.

ಇಷ್ಟು ಇರುವಾಗ ಕಾನೂನು ಏನು ಹೇಳುತ್ತದೆ? 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಅಡಿ 1959ರಲ್ಲಿ ಮಾಡಿದ ನಿಯಮಗಳ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕಗಳು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ತೆರೆದಿರುತ್ತವೆ. ಗುಡಿ, ಕೋಟೆಗಳಿಗೆ ಇದು ಒಪ್ಪುವ ಮಾತೇ. ಆದರೆ ಸೂರ್ಯ ಹುಟ್ಟುವ ಕ್ಷಣಕ್ಕೆಂದೇ ನೆಟ್ಟಿರಬಹುದಾದ ಕಲ್ಲನ್ನು ಸೂರ್ಯ ಹುಟ್ಟಿದ ಮೇಲೆ ಬಂದು ನೋಡು ಎಂದರೆ, ಮದುವೆ ಮುಗಿದ ಮೇಲೆ ಮುಹೂರ್ತಕ್ಕೆ ಕರೆದಂತೆ.

ಈ ನಿಯಮ ಕಲ್ಲಿನಲ್ಲಿ ಕೊರೆದದ್ದಲ್ಲ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. ತಾಜ್ ಮಹಲನ್ನು ಬೆಳದಿಂಗಳಲ್ಲಿ ನೋಡುವುದನ್ನು ಭದ್ರತೆಯ ಕಾರಣಕ್ಕೆ 1984ರಲ್ಲಿ ನಿಲ್ಲಿಸಿದ್ದರು. ಸುಪ್ರೀಂ ಕೋರ್ಟಿನ ಅನುಮತಿಯ ಮೇಲೆ 2004ರ ನವೆಂಬರಿನಲ್ಲಿ ಮತ್ತೆ ತೆರೆದರು. ಹುಣ್ಣಿಮೆಯ ರಾತ್ರಿ, ಅದರ ಹಿಂದಿನ ಎರಡು, ಮುಂದಿನ ಎರಡು, ಒಟ್ಟು ಐದು ರಾತ್ರಿ. ಶುಕ್ರವಾರ ಇಲ್ಲ, ರಂಜಾನಿನಲ್ಲಿ ಇಲ್ಲ. ಐವತ್ತು ಜನರ ಎಂಟು ತಂಡ, ಒಂದೊಂದಕ್ಕೆ ಅರ್ಧ ಗಂಟೆ. ದೇಶದಲ್ಲೇ ಅತಿ ಹೆಚ್ಚು ಜನ ಮುಗಿಬೀಳುವ ಸ್ಮಾರಕದಲ್ಲಿ ರಾತ್ರಿಗೆ 400 ಜನರೆಂಬ ಮಿತಿ ಇಟ್ಟು ನಡೆಸಬಹುದಾದರೆ ಹಿರೇಬೆಣಕಲ್‌ನಲ್ಲಿ 40 ಜನರ ಮಿತಿ ಇಡುವುದು ಕಷ್ಟವಲ್ಲ. 2019ರಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ ಹತ್ತು ಸ್ಮಾರಕಗಳನ್ನು ರಾತ್ರಿ ಒಂಬತ್ತರವರೆಗೆ ತೆರೆಯುವುದಾಗಿ ಘೋಷಿಸಿತು. ಕರ್ನಾಟಕದ ಪಾಲಿಗೆ ಪಟ್ಟದಕಲ್ಲು ಮತ್ತು ಗೋಲಗುಮ್ಮಟ ಆ ಪಟ್ಟಿಯಲ್ಲಿದ್ದವು. ಪ್ರಾಗೈತಿಹಾಸಿಕ ನೆಲೆ ಒಂದೂ ಇರಲಿಲ್ಲ.

ಹೊರದೇಶಗಳ ಅನುಭವದಲ್ಲಿ ನಾವು ಹೆಚ್ಚು ಕಲಿಯಬೇಕಾದದ್ದು ಸ್ಟೋನ್‌ಹೆಂಜಿನಿಂದ. ಅದು ಹೂವಿನ ಹಾದಿಯ ಕತೆಯಲ್ಲ. 1974ರಿಂದ ಅಲ್ಲಿ ಜೂನ್ ತಿಂಗಳಲ್ಲಿ, ವರ್ಷದ ಅತಿ ಗಿಡ್ಡ ರಾತ್ರಿಯ ಹೊತ್ತಿಗೆ, ಬಯಲ ಹಬ್ಬವೊಂದು ನಡೆಯುತ್ತಿತ್ತು. ವರ್ಷದಿಂದ ವರ್ಷಕ್ಕೆ ಜನ ಹೆಚ್ಚಿದರು, ನೆಲಕ್ಕೆ, ಸುತ್ತಲಿನ ಹಳೆಯ ಗೋರಿಗಳಿಗೆ ಹಾನಿಯಾಯಿತು. 1985ರಲ್ಲಿ ಹಬ್ಬ ನಿಷೇಧಿಸಿ, ಬರುತ್ತಿದ್ದವರನ್ನು ಪೊಲೀಸರು ಹುರುಳಿಕಾಯಿಯ ಹೊಲವೊಂದರ ಬಳಿ ತಡೆದು ಬಡಿದರು. ಆಮೇಲೆ ವರ್ಷಗಟ್ಟಲೆ ಆ ರಾತ್ರಿ ಕಲ್ಲಿನ ಹತ್ತಿರ ಸುಳಿಯದಂತೆ ಕಾವಲು. 1999ರಲ್ಲಿ ಅಲ್ಲಿಯ ಅತ್ಯುನ್ನತ ನ್ಯಾಯಪೀಠ, ದಾರಿಯಲ್ಲಿ ಶಾಂತವಾಗಿ ನೆರೆಯುವುದು ತಾನೇ ತಾನಾಗಿ ಅತಿಕ್ರಮವಾಗದು ಎಂದು ಹೇಳಿತು. 2000ದಿಂದ ನಿಯಮ ಹಾಕಿ ತೆರೆದರು: ಧ್ವನಿವರ್ಧಕವಿಲ್ಲ, ಕಲ್ಲು ಹತ್ತುವಂತಿಲ್ಲ. ವರ್ಷವಿಡೀ ಹಗ್ಗದಾಚೆ ನಿಂತು ನೋಡಬೇಕಾದ ಕಲ್ಲುಗಳ ನಡುವೆ ಆ ಒಂದು ಗಿಡ್ಡ ರಾತ್ರಿ ಸಾವಿರಾರು ಜನ ಬಿಟ್ಟಿಯಾಗಿ ಹೋಗಿ ನಿಲ್ಲುತ್ತಾರೆ. ಹದಿನೈದು ವರ್ಷ ಬಡಿದಾಡಿ ಅವರು ಕಂಡುಕೊಂಡದ್ದು ಇಷ್ಟೇ: ಮುಚ್ಚಿದ ರಾತ್ರಿಗಿಂತ ಮಿತಿಯಲ್ಲಿ ತೆರೆದ ರಾತ್ರಿ ಕಾಯಲು ಸುಲಭ.

ಆದರೂ ಸಾವಿರಾರು ಜನರ ಆ ಜಾತ್ರೆ ನನ್ನ ಮನಸ್ಸಿಗೆ ಹಿಡಿಸುವುದಿಲ್ಲ. ಅದಲ್ಲದೆ, ಸ್ಟೋನ್‌ಹೆಂಜಿನ ಹತ್ತಿರದ ಡರಿಂಗ್ಟನ್ ವಾಲ್ಸ್‌ನಲ್ಲಿ ಸಿಕ್ಕ ಹಂದಿಯ ಹಲ್ಲುಮೂಳೆಗಳನ್ನು ನೋಡಿ, ವಸಂತದಲ್ಲಿ ಹುಟ್ಟಿದ ಹಂದಿಗಳನ್ನು ಒಂಬತ್ತು ತಿಂಗಳಿಗೆ, ಎಂದರೆ ನಡುಚಳಿಗಾಲದಲ್ಲಿ ಕಡಿದು ಹಬ್ಬ ಮಾಡಿದರು ಎಂದು ಮೈಕ್ ಪಾರ್ಕರ್ ಪಿಯರ್ಸನ್ ಮತ್ತು ಜೊತೆಗಾರರು ತೋರಿಸಿದ್ದಾರೆ. ಕಲ್ಲು ನೆಟ್ಟವರಿಗೆ ದೊಡ್ಡದಾಗಿದ್ದದ್ದು ಬೇಸಗೆಯ ಗಿಡ್ಡ ರಾತ್ರಿಯಲ್ಲ, ಚಳಿಯ ಉದ್ದ ರಾತ್ರಿ.

ಆ ಉದ್ದ ರಾತ್ರಿಯ ಮಾದರಿ ಐರ್ಲೆಂಡಿನ ನ್ಯೂಗ್ರೇಂಜ್. ಕ್ರಿ.ಪೂ. 3200ರ ಸುಮಾರಿನ ಗೋರಿದಿಬ್ಬ, ಒಳಗೆ 19 ಮೀಟರ್ ಉದ್ದದ ಕಲ್ಲಿನ ಹಾದಿ, ಬಾಗಿಲ ಮೇಲೊಂದು ಗವಾಕ್ಷಿ. ಚಳಿಗಾಲದ ಅತಿ ಗಿಡ್ಡ ಹಗಲಿನಂದು ಸೂರ್ಯ ಒಳಗೆ ಬರುತ್ತಾನೆ ಎಂಬುದು ಊರಿನ ಮಾತಾಗಿತ್ತು. ಪುರಾತತ್ವಜ್ಞ ಎಂ.ಜೆ. ಓ'ಕೆಲಿ ಆ ಮಾತನ್ನು ಕಡೆಗಣಿಸಲಿಲ್ಲ. 1967ರ ಡಿಸೆಂಬರ್ 21ರಂದು ಕತ್ತಲಲ್ಲಿ ಒಳಗೆ ಹೋಗಿ ಒಬ್ಬರೇ ಕಾದರು. ಬೆಳಕಿನ ಎಳೆಯೊಂದು ಗವಾಕ್ಷಿಯಿಂದ ನುಗ್ಗಿ ಕೊನೆಯ ಕೋಣೆಯ ನೆಲ ಮುಟ್ಟಿ, ಅಗಲವಾಗಿ, 17 ನಿಮಿಷ ಇದ್ದು ಹೋಯಿತು. ಈಗ ಆ ಕೆಲವು ಬೆಳಗುಗಳಿಗೆ ಸಾವಿರಾರು ಜನ ಅರ್ಜಿ ಹಾಕುತ್ತಾರೆ, ಚೀಟಿ ಎತ್ತಿ ಕೈಬೆರಳೆಣಿಕೆಯ ಮಂದಿಯನ್ನು ಒಳಗೆ ಬಿಡುತ್ತಾರೆ. ಮೋಡ ಮುಚ್ಚಿದರೆ ಬರಿಗೈ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಕ್ಯಾಲನಿಶ್ ಕಲ್ಲುಗಳ ಬಳಿ ಚಂದ್ರ ದಿಗಂತದ ಗುಡ್ಡವನ್ನು ಸವರಿಕೊಂಡು ಹೋಗುವ ನೋಟ 18.6 ವರ್ಷಕ್ಕೊಮ್ಮೆ. ಕಳೆದದ್ದು 2024-25ರಲ್ಲಿ ಬಂದು ಹೋಯಿತು. ಓ'ಕೆಲಿಯ ಕೆಲಸದಲ್ಲಿ ನನ್ನನ್ನು ತಟ್ಟುವುದು ಊರಿನವರ ಮಾತನ್ನು ಅವರು ನಂಬಿ ಹೋದದ್ದು. ನಮ್ಮ ನಿಲುಗಲ್ಲುಗಳ ಬಗ್ಗೆ ಕುರಿಗಾರರು, ಹೊಲ ಕಾಯುವವರು ಏನು ಹೇಳುತ್ತಾರೆ, ಯಾವ ತಿಂಗಳಲ್ಲಿ ಯಾವ ಕಲ್ಲಿನ ಹಿಂದೆ ಬೆಳ್ಳಿಚುಕ್ಕಿ ಕಂಡಿದ್ದಾರೆ ಎಂದು ಯಾರಾದರೂ ಕೂತು ಬರೆದುಕೊಳ್ಳಬೇಕು. ರಾತ್ರಿಯ ಬಗ್ಗೆ ನಮಗಿಂತ ಹೆಚ್ಚು ಬಲ್ಲವರು ಅವರು.

ವಿರೋಧದ ಮಾತುಗಳನ್ನು ಹಗುರವಾಗಿ ತೆಗೆದುಕೊಳ್ಳುವವನು ನಾನಲ್ಲ. ಗಂಗಾವತಿ, ಹೊಸಪೇಟೆ ಕಡೆಯ ಕಲ್ಲುಗುಡ್ಡಗಳು ಕರಡಿಯ ಮನೆ. ದರೋಜಿಯಲ್ಲಿ ಅವಕ್ಕೆಂದೇ 1994ರಲ್ಲಿ ಧಾಮ ಮಾಡಿದ್ದಾರೆ. ಚಿರತೆಗಳೂ ಇವೆ. ಬಂಡೆಯ ಕಾವಿಗೆ ಹಾವು ಹೊರಬರುವುದೂ ಇರುಳಿನಲ್ಲೇ. ಒಬ್ಬೊಬ್ಬರೇ ಹೋಗುವುದು ಹುಚ್ಚುತನ. ಬಲ್ಲವರಿಲ್ಲದೆ, ಊರಿಗೆ ಮತ್ತು ಠಾಣೆಗೆ ತಿಳಿಸದೆ ಯಾರೂ ಹೋಗಬಾರದು. ಗುಡ್ಡದ ಮೇಲಿನ ರಾತ್ರಿ ಮೊದಲು ಪ್ರಾಣಿಗಳದ್ದು, ಆಮೇಲೆ ನಮ್ಮದು. ಆದ್ದರಿಂದ ವರ್ಷಕ್ಕೆ ಕೆಲವೇ ರಾತ್ರಿ ಎನ್ನುತ್ತಿದ್ದೇನೆ, ವರ್ಷವಿಡೀ ಅಲ್ಲ.

ಎರಡನೆಯ ಮಾತು ಸಾವಿನದು. ಅವು ಗೋರಿಗಳು. ಸ್ಮಶಾನಕ್ಕೆ ರಾತ್ರಿ ಯಾರು ಹೋಗುತ್ತಾರೆ ಎಂದು ಅಮ್ಮ ಬೈದಿದ್ದುಂಟು. ಆದರೆ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಜನ ನಾವು. ಸತ್ತವರ ನೆನಪನ್ನೂ ಕತ್ತಲನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ನಮಗೆ ಹೊಸದಲ್ಲ. ದನಿ ತಗ್ಗಿಸಿ, ಚಪ್ಪಡಿಯ ಮೇಲೆ ಕೂರದೆ, ಕಂಡಿಯೊಳಗೆ ನುಸುಳದೆ ನಿಂತರೆ ಮೊರೇರಿಗೆ ಅವಮಾನವಾಗದು. ಬೆಳದಿಂಗಳೂಟದ ಬುತ್ತಿ ಗುಡ್ಡದ ಬುಡದಲ್ಲೇ ಬಿಚ್ಚಲಿ, ಮೇಲೆ ಬೇಡ.

ನನಗೆ ನಿಜವಾದ ಹೆದರಿಕೆ ಇರುವುದು ಮೂರನೆಯದರ ಬಗ್ಗೆ. ರಾತ್ರಿ ತೆರೆಯಿರಿ ಎಂದೊಡನೆ ನಮ್ಮಲ್ಲಿ ಕಂಬ ನೆಟ್ಟು, ಕೇಬಲ್ ಎಳೆದು, ನೀಲಿ ಹಸಿರು ದೀಪ ಹಾಕಿ, ಧ್ವನಿ ಬೆಳಕಿನ ಪ್ರದರ್ಶನ ಎಂದು ಫಲಕ ಹಾಕುತ್ತಾರೆ. ಅದು ಇರುಳನ್ನು ತೆರೆದಂತಲ್ಲ, ಕೊಂದಂತೆ. ನೆಲದಿಂದ ಮೇಲಕ್ಕೆ ಹಾಯಿಸಿದ ಹೊನಲು ದೀಪ ಕಲ್ಲಿನ ಗೀರನ್ನೂ ಅಳಿಸುತ್ತದೆ, ಆಕಾಶವನ್ನೂ ಅಳಿಸುತ್ತದೆ, ಬಾವಲಿ, ಹುಳುಹುಪ್ಪಟೆಗಳ ದಾರಿ ತಪ್ಪಿಸುತ್ತದೆ. ಬೆಳಕು ಕಲ್ಲಿಗೂ ಕೆಡುಕು ಮಾಡಬಲ್ಲದು: 1940ರಲ್ಲಿ ಸಿಕ್ಕ ಫ್ರಾನ್ಸಿನ ಲಾಸ್ಕೋ ಗವಿಯನ್ನು ನೋಡುಗರ ಉಸಿರು ಮತ್ತು ವಿದ್ಯುದ್ದೀಪಗಳು ಬೆಳೆಸಿದ ಹಸಿರು ಪಾಚಿಯ ದೆಸೆಯಿಂದ 1963ರಲ್ಲಿ ಮುಚ್ಚಬೇಕಾಯಿತು. ತೆರೆದ ಗುಡ್ಡ ಗವಿಯಲ್ಲ, ನಿಜ. ಆದರೆ ದೀಪದ ಕಂಬಕ್ಕೆ ಅಗೆಯುವ ಗುಂಡಿ ಎರಡೂವರೆ ಸಾವಿರ ವರ್ಷದ ಗೋರಿಯ ಪಕ್ಕದಲ್ಲೇ ಬೀಳುತ್ತದೆ.

ದೀಪ ಬೇಕಾಗಿಯೇ ಇಲ್ಲ. ಹುಣ್ಣಿಮೆಯ ಬೆಳಕು ಬಿಸಿಲಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಕಡಿಮೆಯಾದರೂ ಕತ್ತಲಿಗೆ ಒಗ್ಗಿದ ಕಣ್ಣಿಗೆ ಕಲ್ಲುದಾರಿ ಕಾಣುತ್ತದೆ. ಕಣ್ಣು ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಮೊಬೈಲಿನ ಪರದೆ ಒಮ್ಮೆ ನೋಡಿದರೆ ಮತ್ತೆ ಮೊದಲಿನಿಂದ. ನಡೆಯಲು ಕೆಂಪು ಕಾಗದ ಸುತ್ತಿದ ಟಾರ್ಚು, ಕೆತ್ತನೆ ನೋಡಲು ಮುಖಂಡನ ಕೈಯಲ್ಲೊಂದು ಬಿಳಿ ಟಾರ್ಚು, ಸಾಕು. ಒಂದು ತಂಡಕ್ಕೆ ಇಪ್ಪತ್ತು ಜನ. ಹುಣ್ಣಿಮೆಯ ಒಂದೆರಡು ರಾತ್ರಿ, ಡಿಸೆಂಬರ್ 14ರ ಸುಮಾರಿಗೆ ಉಲ್ಕೆಗಳು ಬೀಳುವ ರಾತ್ರಿ, 21ರ ಬೆಳಗಿನ ಜಾವ. ಮಳೆ ನಿಂತ ಮೇಲೆ, ಬಿಸಿಲು ಏರುವ ಮೊದಲು.

ನಿಧಿಗಳ್ಳರ ವಿಷಯಕ್ಕೇ ಮರಳುತ್ತೇನೆ, ಏಕೆಂದರೆ ಎಲ್ಲವೂ ಅಲ್ಲಿಗೇ ಬಂದು ನಿಲ್ಲುತ್ತದೆ. ಕಲ್ಲುಮನೆಗಳಲ್ಲಿ ಬಂಗಾರದ ನಿಧಿಯಿಲ್ಲ. ಅಗೆದ ಪುರಾತತ್ವಜ್ಞರಿಗೆ ಇಂಥ ಗೋರಿಗಳಲ್ಲಿ ಸಿಕ್ಕುವುದು ಬಹುಮಟ್ಟಿಗೆ ಕಪ್ಪು ಕೆಂಪು ಮಡಕೆ, ಕಬ್ಬಿಣದ ಕತ್ತಿ ಕೊಡಲಿ, ಮಣಿ, ಮೂಳೆ. ಇದನ್ನು ಯಾರೂ ನಿಧಿಗಳ್ಳರಿಗೆ ಹೇಳಿಲ್ಲ, ಹೇಳಿದರೂ ಅವರು ನಂಬರು. ಉರುಳಿಸಿದ ಒಂದು ಚಪ್ಪಡಿಯನ್ನು ಮೊದಲಿದ್ದಂತೆ ನಿಲ್ಲಿಸಲು ಯಾವ ಇಲಾಖೆಗೂ ಆಗದು. ಸಂರಕ್ಷಿತ ಸ್ಮಾರಕ ಕೆಡಿಸಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ ಎಂದು 2010ರ ತಿದ್ದುಪಡಿ ಹೇಳುತ್ತದೆ. ಗುಡ್ಡದ ಮೇಲೆ ಕತ್ತಲಲ್ಲಿ ಯಾರೂ ಇಲ್ಲದಿದ್ದರೆ ಹಿಡಿಯುವವರು ಯಾರು?

ಅಂದು ನನ್ನ ಜೊತೆ ಬಂದ ಹುಡುಗನಿಗೆ ಹದಿನೆಂಟೋ ಹತ್ತೊಂಬತ್ತೋ. ದನ ಕಾಯಲು ಹಗಲೆಲ್ಲ ಆ ಗುಡ್ಡ ಸುತ್ತಿದವನು, ಒಂದೊಂದು ಕಲ್ಲೂ ಗೊತ್ತು, ಆದರೆ ಬೆಳಕು ಹರಿಯುವ ಮೊದಲು ಮೇಲೆ ಬಂದದ್ದು ಅದೇ ಮೊದಲಂತೆ. ಮೇಲೆ ತಲುಪಿದಾಗ ಇನ್ನೂ ನಕ್ಷತ್ರವಿತ್ತು. ಅವನು ತನ್ನ ಟಾರ್ಚನ್ನು ಒಂದು ಚಪ್ಪಡಿಯ ಪಕ್ಕೆಗೆ ಹಿಡಿದ, ಆರಿಸಿದ, ಮತ್ತೆ ಹಿಡಿದ. ಕಲ್ಲು ಸೀಳಲು ಯಾರೋ ಸಾಲಾಗಿ ಬಡಿದ ಗುರುತುಗಳು ಅಂಚಿನುದ್ದಕ್ಕೂ ಎದ್ದು ಕಂಡವು. "ಇದನ್ನ ನಾ ಒಂದ್ ದಿನಾನೂ ನೋಡಿದ್ದಿಲ್ರಿ" ಎಂದು ಮುಂದಿನ ಮನೆಯತ್ತ ಹೊರಟ. ಅಂಥ ಹುಡುಗರಿಗೆ ಇಬ್ಬರಿಗೆ, ಮೂವರಿಗೆ ತಿಂಗಳ ಸಂಬಳ ಕೊಟ್ಟು ರಾತ್ರಿ ಪಾಳಿಗೆ ನೇಮಿಸಿದರೆ ಅವರೇ ಕಾವಲುಗಾರರು, ಅವರೇ ದಾರಿ ತೋರುವವರು. ಅಗಸಿ ಕಟ್ಟೆಯ ಮೇಲೆ ಕೂತ ಅಜ್ಜನಿಗೂ ಯಾರು ಮೇಲೆ ಹೋಗಿದ್ದಾರೆ, ಯಾಕೆ ಹೋಗಿದ್ದಾರೆ ಎಂದು ಹೆಸರು ಹಿಡಿದು ಹೇಳಲು ಬರುತ್ತದೆ.